ಆನೆ ಆಕಾರದ ಕೇಕನ್ನು ಅಡ್ಡ ಸೀಳಿ ಒಳಗೆ ಕ್ರೀಮ್ ತುಂಬಬಹುದಾ?

ಧಾರಾಳವಾಗಿ ತುಂಬಬಹುದು. ಸೊಂಡಿಲೊಂದನ್ನು ಬಿಟ್ಟು.

ಟಿನ್‌ನಲ್ಲಿ ಬೇಯಿಸಿದ ಆನೆಯನ್ನು ಎರಡು ಪದರ ಮಾಡಿದರೆ ಮುರಿದುಹೋಗುತ್ತಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಮನೆಯಲ್ಲೇ ಕೇಕ್ ಮಾಡಿ ಕೊಡುತ್ತೇನೆ. ಸಕಲೇಶಪುರ, ಆಲೂರಿನ ಕಡೆಯವರು ಕೇಳುವುದು ಆನೆಯನ್ನೇ ಜಾಸ್ತಿ. ತೋಟಕ್ಕೆ ಆನೆ ನುಗ್ಗುತ್ತೆ ಅಂತ ದೊಡ್ಡವರಿಗೆ ನಿದ್ದೆ ಇರಲ್ಲ, ಮಕ್ಕಳಿಗೆ ಮಾತ್ರ ಬರ್ತ್‌ಡೇಗೆ ಆನೆಯೇ ಬೇಕು!

ಕೇಕ್ ಮುರಿಯುವುದು ಕತ್ತರಿಸುವಾಗ ಅಲ್ಲ, ಮೇಲಿನ ಪದರ ಎತ್ತುವಾಗ. ಅದಕ್ಕೇ ಎಣ್ಣೆ ಸ್ಪಾಂಜ್ ಬೇಡ, ಬೆಣ್ಣೆ ಕೇಕೇ ಮಾಡಿ. ತಣ್ಣಗಾದರೆ ಬೆಣ್ಣೆ ಗಟ್ಟಿಯಾಗಿ ಕೇಕ್ ಹಲಗೆಯ ಹಾಗೆ ನಿಲ್ಲುತ್ತದೆ, ಎಣ್ಣೆಯದು ಫ್ರಿಡ್ಜಲ್ಲೂ ಮೆತ್ತಗೇ ಇರುತ್ತದೆ. ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಸುತ್ತಿ ರಾತ್ರಿಯಿಡೀ ಫ್ರಿಡ್ಜಲ್ಲಿಡಿ, ಬೆಳಿಗ್ಗೆ ಅರ್ಧ ಗಂಟೆ ಫ್ರೀಜರ್‌ಗೆ ಹಾಕಿ.

ಆಮೇಲೆ ಉಬ್ಬಿದ ತಳವನ್ನು (ಬೇಯುವಾಗ ಟಿನ್ನಿನ ಬಾಯಿ ಕಡೆ ಇದ್ದ ಭಾಗ) ಸಮ ಮಾಡಿಕೊಳ್ಳಿ. ಸೊಂಡಿಲನ್ನು ಮುಖದ ಬುಡದಲ್ಲೇ ಬೇರೆ ಮಾಡಿ, ಸೀಳದೆ ಪಕ್ಕಕ್ಕಿಡಿ. ಅಷ್ಟು ಸಪೂರ ಇರುವುದನ್ನು ಸೀಳಿದರೆ ಪುಡಿಯೇ ಗತಿ. ಉಳಿದದ್ದಕ್ಕೆ ಸುತ್ತಲೂ ಅರ್ಧ ಎತ್ತರದಲ್ಲಿ ಟೂತ್‌ಪಿಕ್ ಚುಚ್ಚಿ, ಅವುಗಳ ಮೇಲೇ ಹಲ್ಲಿನ ಚಾಕುವನ್ನು ಗರಗಸದ ಹಾಗೆ ಎಳೆಯಿರಿ. ಅದಕ್ಕೂ ಮೊದಲು ಬಾಲದ ಹತ್ತಿರ ಮೇಲಿಂದ ಕೆಳಗೆ ಒಂದು ಸಣ್ಣ ಗೀರು ಹಾಕಿ, ತಿರುಗಿ ಜೋಡಿಸುವಾಗ ಆ ಗೀರು ಕೂಡಿದರೆ ಸಾಕು. ಎತ್ತಲು ಕೈ ಬೇಡ, ತೆಳು ರಟ್ಟನ್ನು ನಡುವೆ ತೂರಿಸಿ.

ಇನ್ನು ಹೂರಣ. ಗದ್ದೆಗೆ ಬದು ಹಾಕುವ ಹಾಗೆ, ಬೆಣ್ಣೆ ಸಕ್ಕರೆ ಪುಡಿ ಕಡೆದ ಗಟ್ಟಿ ಬಟರ್‌ಕ್ರೀಮನ್ನು ಅಂಚಿನಿಂದ ಒಂದು ಬೆರಳು ಒಳಗೆ ಸುತ್ತಲೂ ಎಳೆದು, ಆ ಬದುವಿನ ಒಳಗೆ ಮಾತ್ರ ಗನಾಶ್ (ಕ್ರೀಮ್‌ನಲ್ಲಿ ಕರಗಿಸಿದ ಚಾಕೊಲೇಟ್) ಹರಡಿ. 200 ಗ್ರಾಂ ಡಾರ್ಕ್ ಚಾಕೊಲೇಟಿಗೆ 100 ಗ್ರಾಂ ಕ್ರೀಮ್, ಅರ್ಧ ಸೆಂಟಿಮೀಟರ್ ದಪ್ಪ. ಆಸೆಗೆ ಬಿದ್ದು ಜಾಸ್ತಿ ತುಂಬಬೇಡಿ. ಸಕ್ಕರೆ ಪಾಕ ಹಾಕುವುದಾದರೂ ಸುರಿಯಬೇಡಿ, ಬ್ರಷ್‌ನಲ್ಲಿ ಸವರಿ.

ನಾನು ಶುರುವಿನಲ್ಲಿ ಒಂದ್ಸಲ ವಿಪ್ಡ್ ಕ್ರೀಮಿಗೆ ಅನಾನಸ್ ತುಂಡು ಸೇರಿಸಿ, ಬದೂ ಹಾಕದೆ ತುಂಬಿ, ಸಕಲೇಶಪುರಕ್ಕೆ ಕಾರಲ್ಲಿ ಒಯ್ದಿದ್ದೆ. ಸುಮಾರು 40 ಕಿ.ಮೀ. ಅಷ್ಟೇ, ಅಲ್ವಾ? ಡಬ್ಬ ತೆರೆದರೆ ಬೆನ್ನು ಹೊಟ್ಟೆಯಿಂದ ಎರಡು ಬೆರಳು ಮುಂದಕ್ಕೆ ಜಾರಿತ್ತು, ಬಾಲದ ಕೆಳಗೆ ಅನಾನಸ್ ರಸ ಹರಿದು ನಿಂತಿತ್ತು. ಹುಡುಗ ನೋಡಿ "ಆನೆ ಸುಸು ಮಾಡಿದೆ" ಅಂದ. ಅವರ ಮನೆಯವರು ನಕ್ಕರು, ನನಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ಫಾಂಡೆಂಟ್ (ಲಟ್ಟಿಸಿ ಹೊದಿಸುವ ಸಕ್ಕರೆ ಹಿಟ್ಟು) ಹೊದಿಸುವುದಾದರಂತೂ ವಿಪ್ಡ್ ಕ್ರೀಮ್ ಬೇಡವೇ ಬೇಡ, ಅದರ ನೀರಿಗೆ ಫಾಂಡೆಂಟ್ ಕರಗುತ್ತದೆ. ಮಳೆಗಾಲದ ತೇವ ಬೇರೆ.

ಪದರ ಕೂಡಿಸಿ ಅರ್ಧ ಗಂಟೆ ಫ್ರಿಡ್ಜಲ್ಲಿಟ್ಟ ಮೇಲೆ ಸೊಂಡಿಲನ್ನು ಬಟರ್‌ಕ್ರೀಮಲ್ಲಿ ಅಂಟಿಸಿ. ಹೂರಣದಿಂದ ಮೈ ಸ್ವಲ್ಪ ಎತ್ತರ ಆಗಿರುತ್ತದೆ, ಸೊಂಡಿಲಿನ ಅಡಿಗೂ ಅಷ್ಟೇ ದಪ್ಪ ಕ್ರೀಮ್ ಹಾಕಿದರೆ ಸಮ ಆಗುತ್ತದೆ. ಮೊದಲು ತೆಳ್ಳಗೆ ಒಂದು ಕೋಟ್ ಸವರಿ ಪುಡಿಯನ್ನೆಲ್ಲ ಕೂರಿಸಿ, ಅದು ಗಟ್ಟಿಯಾದ ಮೇಲೇ ಎರಡನೆಯ ಕೋಟ್. ತಿನ್ನುವ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಡಿ, ಇಲ್ಲಾಂದ್ರೆ ಬೆಣ್ಣೆ ಕೇಕ್ ಇಟ್ಟಿಗೆ ಥರ ಇರುತ್ತದೆ.