ಫುಲ್ ಟ್ಯಾಂಕ್ ಆದಾಗಷ್ಟೇ ಪೆಟ್ರೋಲ್ ವಾಸನೆ

ಪ್ರಶ್ನೆ: ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಎರಡು ದಿನ ಹಿಂದಿನ ಸೀಟಿನ ಹತ್ತಿರ ಪೆಟ್ರೋಲ್ ವಾಸನೆ ಬರುತ್ತದೆ. ಅರ್ಧಕ್ಕಿಳಿದರೆ ಇಲ್ಲ. ಕಾರಿನಡಿ ಒಂದು ಹನಿಯೂ ಕಾಣದು. ಟ್ಯಾಂಕ್ ತೂತಾಗಿದೆಯೇ?

ಉತ್ತರ: ತಳ ತೂತಾಗಿದ್ದರೆ ಅರ್ಧ ಟ್ಯಾಂಕಿನಲ್ಲೂ ಸೋರುತ್ತಿತ್ತು. ತುಂಬಿದಾಗಷ್ಟೇ ವಾಸನೆಯೆಂದರೆ ಲೀಕ್ ಇರುವುದು ಟ್ಯಾಂಕಿನ ಮೇಲ್ಭಾಗದಲ್ಲಿ: ಪಂಪ್ ಕೂರಿಸಿರುವ ಬಾಯಿಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಪೆಟ್ರೋಲ್ ಹಾಕುವ ಕೊಳವೆಯ ರಬ್ಬರ್ ಹೋಸ್, ಇಲ್ಲವೇ ಆವಿ ಸಾಗುವ ಸಣ್ಣ ಪೈಪುಗಳು. ವಾಸನೆ ಒಳಗೇ ಬರುತ್ತಿರುವುದರಿಂದ ಮೊದಲ ಗುಮಾನಿ ಓ-ರಿಂಗ್ ಮೇಲೆ. ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಕುಶನ್ ಎತ್ತಿದರೆ ಒಂದು ಮುಚ್ಚಳ ಸಿಗುತ್ತದೆ, ಪಂಪಿನ ತಲೆ ಅದರ ಕೆಳಗೇ ಇರುತ್ತದೆ.

ಮುಚ್ಚಳ ತೆಗೆದು ಸುತ್ತಲಿನ ಧೂಳು ನೋಡಿ. ಎಲ್ಲ ಕಡೆ ಒಣಗಿ ಬೂದುಬಣ್ಣಕ್ಕಿದ್ದರೆ ಸರಿ. ಒಂದು ಕಡೆ ಮಾತ್ರ ಕಪ್ಪಗೆ ಮೆತ್ತಿಕೊಂಡಿದ್ದರೆ ಲೀಕ್ ಅಲ್ಲೇ. ಪೆಟ್ರೋಲ್ ಬೇಗ ಆರುವುದರಿಂದ ಹನಿ ಸಿಗುವುದಿಲ್ಲ, ಕಲೆ ಸಿಗುತ್ತದೆ. ಎಂಜಿನ್ ಓಡುವಾಗಷ್ಟೇ ಒದ್ದೆಯಾದರೆ ಓ-ರಿಂಗ್ ಬಿಟ್ಟು ಎಂಜಿನ್ ಕಡೆ ಹೋಗುವ ಪೈಪಿನ ಮೂತಿ ಪರೀಕ್ಷಿಸಿ. ಅಲ್ಲಿ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್, ಪ್ಲಾಸ್ಟಿಕ್ ಕೂದಲೆಳೆಯಷ್ಟು ಸೀಳಿದರೂ ಸಾಕು.

ಬಿಚ್ಚುವ ಮುನ್ನ ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಿರಲಿ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ. ಕೆಲಸ ಬಯಲಿನಲ್ಲೇ ಆಗಬೇಕು: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗ್ಯಾರೇಜಿನ ನೆಲದಲ್ಲಿ ಹರಡಿ ಕಿಡಿಗೆ ಕಾಯುತ್ತಿರುತ್ತದೆ. ಧೂಳನ್ನು ಪೂರ್ತಿ ಒರೆಸಿ, ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿಗೇ ಬೀಳುತ್ತದೆ. ಪಂಪನ್ನು ಹಿಡಿದಿರುವ ಲಾಕ್ ರಿಂಗನ್ನು ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಟ್ಟಿ ತಿರುಗಿಸಿ, ಕಬ್ಬಿಣದ ಉಳಿ ಬೇಡ.

ಹಳೆಯ ಓ-ರಿಂಗ್ ಪೆಟ್ರೋಲ್ ಹೀರಿ ಉಬ್ಬಿರುತ್ತದೆ, ಮತ್ತೆ ತೋಡಿನಲ್ಲಿ ಕೂರುವುದಿಲ್ಲ. ಹೊಸದನ್ನೇ ಹಾಕಿ. ಸಿಲಿಕೋನ್ ಪೇಸ್ಟ್ ಬಳಿಯುವ ಅಭ್ಯಾಸ ಕೆಟ್ಟದ್ದು: ಪೆಟ್ರೋಲಿಗೆ ಅದು ಮೆತ್ತಗಾಗಿ ಕಿತ್ತು, ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಪಂಪಿನ ಮೇಲಿನ ಗುರುತನ್ನು ಟ್ಯಾಂಕಿನ ಗುರುತಿಗೆ ಸರಿಹೊಂದಿಸಿ, ತಪ್ಪಿದರೆ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟ್ ಗೋಡೆಗೆ ತಾಗಿ ಮೀಟರ್ ಸುಳ್ಳು ಹೇಳುತ್ತದೆ.

ಬಂಕಿನಲ್ಲಿ ನಳಿಕೆ ತಾನೇ ನಿಂತ ಮೇಲೂ ಹಾಕಿಸುವುದಿದ್ದರೆ ಬಿಡಿ. ಹೆಚ್ಚುವರಿ ಪೆಟ್ರೋಲ್, ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸಬಹುದು.

ಪ್ರಶ್ನೆ: ಕಾರಿನ ದೋಷ ಓದುವ ಸ್ಕ್ಯಾನರ್ ಪಿ0455 ಕೋಡ್ ತೋರಿಸಿತು. ಟ್ಯಾಂಕಿನ ಮುಚ್ಚಳ ಬದಲಿಸಿದರೂ ಚೆಕ್ ಎಂಜಿನ್ ದೀಪ ಮತ್ತೆ ಬಂತು.

ಉತ್ತರ: ಪಿ0455 ಎಂದರೆ ಆವಿಯ ದಾರಿಯಲ್ಲಿ ದೊಡ್ಡ ಸೋರಿಕೆ. ಸುಮಾರು 1 ಮಿ.ಮೀ. ರಂಧ್ರವಾದರೆ ಪಿ0442, ಅರ್ಧ ಮಿ.ಮೀ.ಗೆ ಪಿ0456 ಬರುತ್ತದೆ. ಮುಚ್ಚಳದ ನಂತರ ಎರಡು ವಾಲ್ವ್ ನೋಡಿ. ಇದ್ದಿಲ ಡಬ್ಬಿಯ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ಕರೆಂಟ್ ಇಲ್ಲದಾಗ ಮುಚ್ಚಿರಬೇಕು. ಬಿಡಿಸಿ ಪೈಪಿನಿಂದ ಊದಿದರೆ ಗಾಳಿ ದಾಟಬಾರದು. ಪೆಟ್ರೋಲ್ ಹಾಕಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಗಲು ತಿಣುಕುತ್ತಿದ್ದರೆ ಇದೇ ಕಾರಣ ಇರಬಹುದು. ಡಬ್ಬಿಗೆ ಹೊರಗಿನ ಗಾಳಿ ಬಿಡುವ ವೆಂಟ್ ವಾಲ್ವ್ ಇದಕ್ಕೆ ಉಲ್ಟಾ: ಸುಮ್ಮನಿದ್ದಾಗ ತೆರೆದಿದ್ದು, ಕರೆಂಟ್ ಕೊಟ್ಟಾಗ ಪೂರ್ತಿ ಮುಚ್ಚಬೇಕು.

ಎರಡೂ ಸರಿಯಿದ್ದರೆ ಸ್ಮೋಕ್ ಟೆಸ್ಟ್. ವೆಂಟ್ ಮುಚ್ಚಿಸಿ, 0.03 ಬಾರ್ ಆಸುಪಾಸಿನಲ್ಲಿ ಹೊಗೆ ಬಿಟ್ಟರೆ ಒಡೆದ ಜಾಗದಿಂದ ಎಳೆಯಾಗಿ ಹೊರಬರುತ್ತದೆ. ಟೈರಿಗೆ ಹವಾ ಹಾಕುವ ಕಂಪ್ರೆಸರನ್ನು ಇಲ್ಲಿಗೆ ತರಬೇಡಿ, ಗಟ್ಟಿಯಿದ್ದ ಕಡೆಯೂ ಹರಿದೀತು. ರಿಪೇರಿಯ ನಂತರ ಕೋಡ್ ಅಳಿಸಿ, ಟ್ಯಾಂಕನ್ನು ಅರ್ಧದ ಹತ್ತಿರ ಇಟ್ಟುಕೊಂಡು ಕೆಲವು ದಿನ ಓಡಿಸಿ. ತೀರಾ ತುಂಬಿದ್ದರೆ ಅಥವಾ ಖಾಲಿಯಿದ್ದರೆ ಕಾರಿನ ಕಂಪ್ಯೂಟರ್ ಆವಿ ಸೋರಿಕೆಯ ಪರೀಕ್ಷೆಯನ್ನೇ ಮಾಡದು.

ಪ್ರಶ್ನೆ: ತಗಡಿನ ಟ್ಯಾಂಕ್ ತುಕ್ಕು ಹಿಡಿದು ತೂತಾಗಿದೆ. ಖಾಲಿ ಮಾಡಿ ವೆಲ್ಡಿಂಗ್ ಮಾಡಿಸಬಹುದೇ?

ಉತ್ತರ: ಬೇಡ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆ ಉಳಿದ ಆವಿಗೆ ಗಾಳಿ ಬೆರೆತು ಕಿಡಿ ತಾಗಿದರೆ ಸಿಡಿಯುತ್ತದೆ. ಪೆಟ್ರೋಲ್ ತಡೆಯುವ ಎಪಾಕ್ಸಿ ಪುಟ್ಟಿ ತಾತ್ಕಾಲಿಕ, ಅದೂ ತೂತಿನ ಸುತ್ತ ಗಟ್ಟಿ ತಗಡು ಉಳಿದಿದ್ದರೆ ಮಾತ್ರ. ಉಗುರಿನಿಂದ ಕೆರೆದಾಗ ಪದರ ಏಳುತ್ತಿದ್ದರೆ ಟ್ಯಾಂಕ್ ಬದಲಿಸಿ.