ಓಡಾಡಿ ಆಡಿದರೆ ಅದು ಸ್ಕ್ರೀನ್ ಅಲ್ವಾ?

ಪ್ರಶ್ನೆ: ನಾಲ್ಕು ವರ್ಷದ ಮಗಳನ್ನು ಒಂದು ಆಟದ ಕೋಣೆಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಪ್ರೊಜೆಕ್ಟರ್‌ನಿಂದ ನೆಲದ ಮೇಲೆ ಮೀನು ಮೂಡುತ್ತದೆ, ಕಾಲಿಟ್ಟರೆ ಓಡುತ್ತದೆ. ಇದು ಸ್ಕ್ರೀನ್ ಟೈಮ್ ಅಲ್ಲ ಅಲ್ವಾ? ಬುದ್ಧಿಯೂ ಚುರುಕಾಗುತ್ತದಂತೆ.

ಉತ್ತರ: ಇದನ್ನು ಕೇಳುವವರಿಗೆಲ್ಲ ನನ್ನ ಬಾಯಿಂದ ‘ಹೌದು’ ಅನ್ನಿಸಬೇಕು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ದಿನಕ್ಕೆ ಒಂದು ಗಂಟೆಯ ಮಿತಿ ಕೂತು ನೋಡುವ ಸ್ಕ್ರೀನಿಗೆ. ಅದೇ ಸಲಹೆಯಲ್ಲಿ ಈ ವಯಸ್ಸಿನವರು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಚೆನ್ನಾಗಿ ಓಡಿ ಕುಣಿಯಬೇಕು ಅಂತಲೂ ಇದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಗಳು ಓಡುತ್ತಿದ್ದರೆ ಸರಿ, ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅದು ನೆಲದ ಮೇಲೆ ಮಲಗಿಸಿದ ಟಿವಿ.

ಕಾಲಿಟ್ಟದ್ದನ್ನು ಗುರುತಿಸಲು ಅಲ್ಲಿರುವ ಕ್ಯಾಮೆರಾಗೆ ಸಾಮಾನ್ಯವಾಗಿ ಗೊತ್ತಾಗುವುದು ಏನೋ ಅಲುಗಿತು ಅನ್ನುವುದಷ್ಟೇ. ಅದು ಮಗುವಿನ ಕಾಲೋ ಉರುಳಿದ ದಿಂಬೋ, ಅದಕ್ಕೆ ಬೇಕಿಲ್ಲ. ಹತ್ತು ಮಕ್ಕಳು ಒಟ್ಟಿಗೆ ನುಗ್ಗಿದರೆ ಮೀನು ಯಾರ ಕಾಲಿಗೆ ಓಡಿತು ಅಂತ ಯಾರಿಗೂ ತಿಳಿಯುವುದಿಲ್ಲ, ‘ನಾನು ಹೀಗೆ ಮಾಡಿದೆ, ಅದಕ್ಕೇ ಹಾಗಾಯಿತು’ ಎಂಬ ಅಸಲಿ ಮಜವೇ ಮಾಯ. ಜನ ಕಡಿಮೆ ಇರುವಾಗ ಹೋಗಿ, ಸದ್ದು ತಗ್ಗಿಸಲು ಹೇಳಿ, ಆಮೇಲೆ ನೀವು ಸುಮ್ನೆ ಕೂತುಬಿಡಿ. ಅಲುಗದೆ ನಿಂತರೆ ಮೀನು ಹತ್ತಿರ ಬರುತ್ತಾ ಅಂತ ಅವಳೇ ಪರೀಕ್ಷೆ ಮಾಡಿದರೆ ಟಿಕೆಟ್ ದುಡ್ಡು ವಸೂಲಾಯಿತು.

1990ರ ದಶಕದಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು ‘ಕಿಡ್ಸ್‌ರೂಮ್’ ಅಂತ ಇಂಥದೇ ಒಂದು ಕೋಣೆ ಮಾಡಿದ್ದರು. ಚಿತ್ರ ಇದ್ದದ್ದು ಎರಡು ಗೋಡೆಯ ಮೇಲೆ, ಕೋಣೆಯಲ್ಲಿ ನಿಜವಾದ ಮಂಚ. ಕಥೆಯಲ್ಲಿ ಆ ಮಂಚವೇ ದೋಣಿ, ಮಕ್ಕಳು ಅದರ ಮೇಲೆ ಕೂತು ಹುಟ್ಟು ಹಾಕುತ್ತಿದ್ದರು. ಹಿಡಿಯಲು, ತಳ್ಳಲು, ಹತ್ತಲು ಏನೂ ಇಲ್ಲದ ಬರೀ ಬೆಳಕಿನ ಕೋಣೆ ಮಕ್ಕಳಿಗೆ ಬೇಗ ಬೇಜಾರಾಗುತ್ತದೆ.

ಪ್ರೊಜೆಕ್ಟರ್ ಮಗುವಿನ ಎತ್ತರದಲ್ಲಿದ್ದರೆ ನಾನಂತೂ ಒಳಗೇ ಬಿಡುವುದಿಲ್ಲ, ಮಕ್ಕಳು ಲೆನ್ಸಿಗೇ ಕಣ್ಣಿಡುತ್ತವೆ. ಬುದ್ಧಿ ಚುರುಕಾಗುವ ಮಾತು ಟಿಕೆಟ್ ಮಾರುವವರದ್ದು.

ಪ್ರಶ್ನೆ: ಒಂದೂವರೆ ವರ್ಷದ ಮಗುವಿಗೆ ಯಾವ ಆ್ಯಪ್ ಒಳ್ಳೆಯದು?

ಉತ್ತರ: ಯಾವುದೂ ಬೇಡ.

ಪ್ರಶ್ನೆ: ಕಣ್ಣು ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ತರಬೇತಿಗೆ ಸೇರಿಸಬಹುದೇ?

ಉತ್ತರ: ಮಗು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಸೇರಿಸಬೇಡಿ, ಫೀಸು ಕಟ್ಟಿದ್ದರೆ ವಾಪಸ್ ಕೇಳಿ.

ಪ್ರಶ್ನೆ: ಮಿನುಗುವ ಆಟಿಕೆಯ ಬಟನ್ ಸೆಲ್ ನುಂಗಿದರೆ ತಾನಾಗೇ ಹೊರಗೆ ಹೋಗುತ್ತದಂತೆ?

ಉತ್ತರ: ಇದನ್ನು ಹೇಳಿದವರ ಮಾತು ಇನ್ನು ಕೇಳಬೇಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸಬೇಡಿ, ಕಾಯಬೇಡಿ, ಆಸ್ಪತ್ರೆಗೆ ಓಡಿ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಇವತ್ತೇ ಮಗುವಿನ ಕೈಯಿಂದ ತೆಗೆಯಿರಿ.