ಬ್ರೆತ್ ಆಫ್ ದಿ ವೈಲ್ಡ್ ಆಡಿದವರಿಗೆ ಹಳೆಯ ಜೆಲ್ಡಾ ಯಾಕೆ ಇಕ್ಕಟ್ಟು ಅನ್ನಿಸುತ್ತದೆ?

'ಬ್ರೆತ್ ಆಫ್ ದಿ ವೈಲ್ಡ್' ಮುಗಿಸಿ 'ಆಕರಿನಾ ಆಫ್ ಟೈಮ್' ಶುರು ಮಾಡಿದ್ದೀರಿ, ಎರಡೂ ನಿಂಟೆಂಡೊ ಕಂಪನಿಯ ಒಂದೇ 'ಜೆಲ್ಡಾ' ವಿಡಿಯೋ ಗೇಮ್ ಸರಣಿ ಅಂತ ನಂಬೋಕೇ ಆಗುತ್ತಿಲ್ಲ ಅಂತ ಕೇಳಿದ್ದೀರಿ. ನನಗೂ ಹಾಗೇ ಆಗಿತ್ತು, ಆದರೆ ಉಲ್ಟಾ. ನಾನು ಆಕರಿನಾ ಆಡಿ ಆಮೇಲೆ ಹೊಸದಕ್ಕೆ ಬಂದವನು.

ನನ್ನ ಪ್ರಕಾರ ಇದೆಲ್ಲ ಬೀಗ, ಬೀಗದ ಕೈ ವಿಷಯ: ದಾರಿಯ ಅಡ್ಡಿಯೇ ಬೀಗ, ಆಟದಲ್ಲಿ ಸಿಗುವ ವಸ್ತುವೇ ಅದರ ಕೈ. 1998ರ ಆಕರಿನಾದಲ್ಲಿ ಡೊಡೊಂಗೋ ಗುಹೆ ನೋಡಿ. ಬಾಂಬಿನ ಚೀಲ ಸಿಗುವುದು ಅಲ್ಲೇ. ಕೊನೆಯಲ್ಲಿ ಬರುವ ದೈತ್ಯ ಹಲ್ಲಿ ಬಾಯಿ ತೆರೆದಾಗ ಎಸೆಯಬೇಕಾದದ್ದೂ ಅದೇ ಬಾಂಬು. ಹೊರಗೆ ಬಂದ ಮೇಲೆ ದಾರಿಗೆ ಅಡ್ಡ ಇರುವ ಬಂಡೆ ಒಡೆಯೋಕೂ ಅದೇ. ಈ ಅಚ್ಚು ಗಟ್ಟಿಯಾಗಿದ್ದು 1991ರ 'ಎ ಲಿಂಕ್ ಟು ದಿ ಪಾಸ್ಟ್'ನಲ್ಲಿ. ಮುಂದೆ ಇಪ್ಪತ್ತು ವರ್ಷ ಹೆಚ್ಚುಕಮ್ಮಿ ಅದೇ ನಡೆಯಿತು.

ತಮಾಷೆ ಅಂದ್ರೆ, 1986ರ ಮೊದಲ ಆಟ ಹೀಗಿರಲಿಲ್ಲ. ಸರಣಿಯನ್ನು ಹುಟ್ಟುಹಾಕಿದ ಶಿಗೆರು ಮಿಯಾಮೊಟೊ ಚಿಕ್ಕಂದಿನಲ್ಲಿ ಕ್ಯೋಟೋ ಹತ್ತಿರದ ಕಾಡು, ಗುಹೆ ಸುತ್ತಿದ ಖುಷಿಯನ್ನೇ ಅದರಲ್ಲಿ ಹಿಡಿಯಲು ಹೊರಟಿದ್ದರು. ಶುರುವಿನಲ್ಲೇ ಒಂದು ಬಯಲು, ಒಂದು ಗುಹೆ. ಒಳಗೆ ಹೋದರೆ ಮುದುಕನೊಬ್ಬ ಕತ್ತಿ ಕೊಡುತ್ತಾನೆ. ಹೋಗದೇ ಇದ್ರೆ ಬರಿಗೈಲೇ ಹೊರಡಿ, ಕೇಳೋರಿಲ್ಲ.

ಆಕರಿನಾ ಕೊಟ್ಟ ದೊಡ್ಡ ಕೊಡುಗೆ ಬೇರೆ: ಒಂದು ಗುಂಡಿ ಒತ್ತಿ ಶತ್ರುವಿನ ಮೇಲೆ ಕಣ್ಣು ನೆಡುವುದು. ಕ್ಯೋಟೋದ ಸಿನಿಮಾ ಪಾರ್ಕಿನಲ್ಲಿ ನಿಂಜಾ ಪ್ರದರ್ಶನ ನೋಡುವಾಗ ತಂಡಕ್ಕೆ ಹೊಳೆದದ್ದಂತೆ. ನೀವು ಹೊಸ ಆಟದಲ್ಲಿ ಕಾದಾಡಿದ್ದೂ ಅದನ್ನೇ ಒತ್ತಿಕೊಂಡು ಅಲ್ವಾ!

2011ರ 'ಸ್ಕೈವರ್ಡ್ ಸ್ವೋರ್ಡ್' ಹೊತ್ತಿಗೆ ಕೈಹಿಡಿದು ನಡೆಸುವುದು ಜಾಸ್ತಿಯಾಗಿತ್ತು. ಫೈ ಅನ್ನುವ ಜೊತೆಗಾರ್ತಿ ನಮಗೆ ಗೊತ್ತಿರೋದನ್ನೇ ಮತ್ತೆ ಮತ್ತೆ ಹೇಳುತ್ತಾಳೆ. ನನಗಂತೂ ತಲೆ ಚಿಟ್ಟು ಹಿಡಿದಿತ್ತು. 2013ರಲ್ಲಿ 'ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್' ಬೀಗ ಸಡಿಲಿಸಿತು. ಬಿಲ್ಲು, ಬಾಂಬು ಎಲ್ಲ ಬಾಡಿಗೆಗೆ. ಸತ್ತರೆ ವಾಪಸ್ ಹೋಗುತ್ತವೆ.

2017ರಲ್ಲಿ ನಿಮ್ಮ ಆಟ. ಮೊದಲ ಪ್ರಸ್ಥಭೂಮಿಯಲ್ಲೇ ಮುಖ್ಯ ಶಕ್ತಿಗಳು ಕೈಗೆ ಬಂದುಬಿಡುತ್ತವೆ. ಅಲ್ಲಿಂದ ಬೇಕಿದ್ದರೆ ಸೀದಾ ಕೊನೆಯ ಶತ್ರು ಗ್ಯಾನನ್ ಹತ್ತಿರ ಹೋಗಬಹುದು. ಬೀಗದ ಜಾಗಕ್ಕೆ ಪ್ರಕೃತಿಯ ನಿಯಮ ಬಂತು. ಹುಲ್ಲಿಗೆ ಬೆಂಕಿ ಹಚ್ಚಿದರೆ ಮೇಲೇಳುವ ಗಾಳಿಯಲ್ಲಿ ನೀವು ತೇಲಬಹುದು. ಕಬ್ಬಿಣದ ಕತ್ತಿ ಹಿಡಿದು ಗುಡುಗು ಮಳೆಯಲ್ಲಿ ನಿಂತರೆ ಸಿಡಿಲು. ಆದರೆ ಆಕರಿನಾದ ಗುಹೆಗಳಿಗಿದ್ದ ಒಂದೊಂದರ ಸ್ವಭಾವ ಇಲ್ಲಿ ಹೋಯಿತು. ಗುಹೆಗಳ ಬದಲು ಇಲ್ಲಿರುವ ನಾಲ್ಕು ದೈತ್ಯ ಯಂತ್ರ ಪ್ರಾಣಿಗಳ ಒಳಗು ನನಗೆ ಒಂದೇ ಥರ ಕಂಡವು. 2023ರ 'ಟಿಯರ್ಸ್ ಆಫ್ ದಿ ಕಿಂಗ್‌ಡಮ್' ಇದನ್ನು ಸ್ವಲ್ಪ ಸರಿ ಮಾಡಿದೆ.

ಆಕರಿನಾದಲ್ಲಿ ಸಿಕ್ಕಿಬಿದ್ದಾಗ ಗೋಡೆ ಹತ್ತೋಕೆ ನೋಡಬೇಡಿ. ಕೊನೆಗೆ ಸಿಕ್ಕ ವಸ್ತು ಯಾವುದು ಅಂತ ನೋಡಿ. ಹಾಂ, ಆಡುತ್ತಿರುವುದು ಹಳೆಯ ನಿಂಟೆಂಡೊ 64 ಯಂತ್ರದ ಆವೃತ್ತಿಯಾದರೆ ನೀರಿನ ದೇವಾಲಯದಲ್ಲಿ ಕಬ್ಬಿಣದ ಬೂಟು ಹಾಕೋಕೆ, ಬಿಚ್ಚೋಕೆ ಪ್ರತಿಸಲ ಆಟ ನಿಲ್ಲಿಸಿ ಮೆನು ತೆರೆಯಬೇಕು. ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರದ 2011ರ ಆವೃತ್ತಿ ಸಿಕ್ಕರೆ ಅದನ್ನೇ ಆಡಿ, ಆ ಗೋಳು ಅದರಲ್ಲಿಲ್ಲ.